ಒಂದು ಫೋಟೊ, ಒಂದು ‘ಆಗಿಬರದ’ ವರ್ಷ

ಡಿಸೆಂಬರ್ ಬಂತೆಂದರೆ ಆಪ್ತಸಲಹೆಗೆ ಬರುವವರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ‘ಈ ವರ್ಷ ನನಗೆ ಆಗಿಬರಲಿಲ್ಲ.’ ಹಾಗೆಂದವರೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರಿಗೆ ನಲವತ್ತೆರಡು ವರ್ಷ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆಯಲ್ಲಿ ಹೆಂಡತಿ, ಹೈಸ್ಕೂಲು ಓದುವ ಮಗಳು. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಸಣ್ಣಪುಟ್ಟದಕ್ಕೂ ಮಗಳ ಮೇಲೆ ರೇಗುತ್ತೇನೆ, ಪರಿಚಯದವರು ಎದುರಾದರೆ ದಾರಿ ಬದಲಿಸುತ್ತೇನೆ ಎಂದು ಹೇಳಿಕೊಂಡರು. ‘ಲೆಕ್ಕದವನು ನಾನು ಮೇಡಂ. ಜಮಾ ಖರ್ಚು ನೋಡಿಯೇ ಹೇಳ್ತಿದೀನಿ, ಈ ವರ್ಷ ಬರೀ ನಷ್ಟ.’ ಡಿಸೆಂಬರ್ 31ಕ್ಕೆ ರಾಜೀನಾಮೆ ಕೊಟ್ಟು, ಊರು ಬಿಟ್ಟು, ಎಲ್ಲವನ್ನೂ ಹೊಸದಾಗಿ ಶುರು ಮಾಡುವ ನಿರ್ಧಾರವೂ ಆಗಿಹೋಗಿತ್ತು. ಹೆಂಡತಿಗೆ ಹೇಳಿರಲಿಲ್ಲ.

ವರ್ಷದ ಮಾತಿಗೆ ಹೋಗುವ ಮೊದಲು ಖಿನ್ನತೆ ಎಷ್ಟಿದೆ ಎಂದು ನೋಡಬೇಕು. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ ಕೇಳುತ್ತದೆ. ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 27. ಇವರದು 13 ಬಂತು. 10ರಿಂದ 14 ಬಂದರೆ ಮಧ್ಯಮ ಪ್ರಮಾಣದ ಖಿನ್ನತೆ ಎಂದು ಗಣಿಸುತ್ತಾರೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಸುತ್ತಿ ಬಳಸದೆ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಎಷ್ಟೋ ಮನೆಯವರು ಹೆದರುತ್ತಾರೆ; ಹಾಗೇನೂ ಆಗುವುದಿಲ್ಲ, ಕೇಳಿದ್ದೇ ಹಲವರಿಗೆ ಸಮಾಧಾನ ತರುತ್ತದೆ. ‘ಸಾಯಬೇಕು ಅಂತ ಇಲ್ಲ. ಈ ವರ್ಷ ಮುಗಿದ್ರೆ ಸಾಕು ಅಷ್ಟೇ’ ಎಂದರು. ವೈದ್ಯರ ಬಳಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಎಲ್ಲ ಸರಿಯಿತ್ತು.

ವರ್ಷವನ್ನು ಜನವರಿಯಿಂದ ಹೇಳಿ ಎಂದಾಗ ಅವರು ಶುರು ಮಾಡಿದ್ದು ಸೆಪ್ಟೆಂಬರಿನಿಂದ. ಸೆಪ್ಟೆಂಬರಿನಲ್ಲಿ ತಮ್ಮನ ಜೊತೆ ಜಗಳವಾಗಿ ಮಾತು ನಿಂತಿತು. ನವೆಂಬರಿನಲ್ಲಿ ಎರಡು ವಿಭಾಗಗಳನ್ನು ಒಂದು ಮಾಡಿದಾಗ ಅವರ ಹುದ್ದೆ ಹೋಗಿ, ನಿನ್ನೆಯವರೆಗೆ ತಮ್ಮ ಕೈಕೆಳಗಿದ್ದವರ ಜೊತೆಯೇ ಕೂರಬೇಕಾಯಿತು. ಅದಕ್ಕಿಂತ ಹಿಂದೆ? ‘ಏನೂ ಇರಲಿಲ್ಲ, ಹಾಗೇ ಹೋಯ್ತು.’ ಮಧ್ಯೆ ಒಂದು ಸಾಲು ಬಂತು: ‘ಜುಲೈನಲ್ಲಿ ಅಪ್ಪ ಹೋದ್ರು, ವಯಸ್ಸಾಗಿತ್ತು.’ ಆ ಸಾಲು ಮುಗಿಯುವ ಮೊದಲೇ ಮತ್ತೆ ಆಫೀಸಿನ ಮಾತಿಗೆ ಹೋಗಿಬಿಟ್ಟರು.

ಮನಸ್ಸು ಕುಗ್ಗಿರುವಾಗ ನೆನಪು ಬಿಡಿಬಿಡಿಯಾಗಿ ಸಿಗುವುದಿಲ್ಲ, ‘ಎಲ್ಲ ಹಾಳು’, ‘ಏನೂ ಇಲ್ಲ’ ಎಂದು ಮುದ್ದೆಯಾಗಿ ಬರುತ್ತದೆ. ಮನಶ್ಶಾಸ್ತ್ರಜ್ಞರಾದ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ 1986ರಲ್ಲೇ ಇದನ್ನು ಗುರುತಿಸಿ ಬರೆದರು. ಕೊನೆಯಲ್ಲಿ ಆದದ್ದು ಇಡೀ ಅನುಭವಕ್ಕೆ ಬಣ್ಣ ಬಳಿಯುವುದೂ ಉಂಟು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನ ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡ್ ಇಟ್ಟರು, ಆದರೆ ಆ ಹೆಚ್ಚಿನ ಹೊತ್ತಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೆ ಯಾವುದು ಬೇಕು ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಉದ್ದನೆಯದನ್ನು. ಒಟ್ಟು ನೋವು ಅದರಲ್ಲೇ ಹೆಚ್ಚು. ಕೊನೆ ಮಾತ್ರ ತುಸು ಹಗುರ. ಇದನ್ನು ಹೇಳಿದಾಗ ಅವರು ಮೊದಲ ಸಲ ಕುತೂಹಲದಿಂದ ಮುಖ ಎತ್ತಿದರು. ‘ಅಂದ್ರೆ ನಾನು ಡಿಸೆಂಬರ್‌ನಲ್ಲಿ ನಿಂತು ಲೆಕ್ಕ ಹಾಕ್ತಿದೀನಿ ಅಂತೀರಾ?’

ಹಾಗಾದರೆ ಮೂಲ ವೋಚರುಗಳನ್ನೇ ತನ್ನಿ ಎಂದೆ. ಫೋನಿನ ಫೋಟೊ, ಮೆಸೇಜು, ಕ್ಯಾಲೆಂಡರ್, ಬ್ಯಾಂಕಿನ ಸಂದೇಶ ನೋಡಿಕೊಂಡು ತಿಂಗಳಿಗೊಂದು ಪುಟ ಬರೆಯಬೇಕು. ಏನಾಯಿತು, ಆಗ ಏನನ್ನಿಸಿತು, ಈಗ ಏನನ್ನಿಸುತ್ತದೆ ಎಂದು ಮೂರು ಅಂಕಣ. ಮುಖ್ಯವಾದದ್ದು ನಡುವಿನದು. ಅದನ್ನು ಇಂದಿನ ಮನಸ್ಸಿನಿಂದ ತುಂಬಬಾರದು, ಅಂದು ತಾವೇ ಬರೆದ ಮೆಸೇಜಿನಿಂದ ತುಂಬಬೇಕು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ವರ್ಷದ ಒಳ್ಳೆಯದನ್ನು ಹುಡುಕಿ ತಕ್ಕಡಿಯ ಇನ್ನೊಂದು ಕಡೆ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಡ್ತಿ ಸಿಕ್ಕಿದ್ದಕ್ಕೆ ಸಾವು ವಜಾ ಆಗುವುದಿಲ್ಲ. ನೊಂದವರಿಗೆ ‘ಆದರೆ ಇದೂ ಆಯಿತಲ್ಲ’ ಎನ್ನುವುದು ಅವರ ಬಾಯಿ ಮುಚ್ಚಿಸುವ ಮಾತು. ವರ್ಷವನ್ನು ಬಿಡಿಸಿ ನೋಡುವುದರ ಉದ್ದೇಶ ಬೇರೆ: ‘ವರ್ಷ’ ಎಂಬ ದೊಡ್ಡ ಪದದ ಅಡಿಯಲ್ಲಿ ನಿಜವಾಗಿ ನೋಯುತ್ತಿರುವುದು ಯಾವ ದಿನ ಎಂದು ಹುಡುಕಬೇಕು.

ಪುಟಗಳು ಬಂದವು. ಫೆಬ್ರುವರಿಯಲ್ಲಿ ಬಡ್ತಿ. ಏಪ್ರಿಲ್‌ನಲ್ಲಿ ಸ್ವಂತ ಮನೆಗೆ ಬಂದದ್ದು. ಮೇನಲ್ಲಿ ಮಗಳು ಈಜು ಸ್ಪರ್ಧೆಯಲ್ಲಿ ಗೆದ್ದದ್ದು. ಅಂದು ಹೆಂಡತಿಗೆ ಅವರೇ ಕಳಿಸಿದ್ದ ಮೆಸೇಜು: ‘ಗಂಟಲು ಕಟ್ಟಿಹೋಗಿದೆ ಕೂಗಿ ಕೂಗಿ.’ ಇದೆಲ್ಲ ಮರೆತುಹೋಗಿತ್ತಾ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಮರೆತಿಲ್ಲ. ನೆನಪಿಸಿಕೊಳ್ಳೋಕೆ ನಾಚಿಕೆ’ ಎಂದರು. ಜುಲೈ ಪುಟ ಖಾಲಿಯಿತ್ತು.

ಜುಲೈ ಬಿಚ್ಚಿಕೊಂಡದ್ದು ಮುಂದಿನ ಭೇಟಿಗಳಲ್ಲಿ. ಬಡ್ತಿಯ ನಂತರದ ತರಬೇತಿಗೆ ಬೇರೆ ಊರಿಗೆ ಹೋಗಿದ್ದರು. ಕೊನೆಯ ದಿನ ಸಮಾರಂಭ, ಕೈಯಲ್ಲಿ ಪ್ರಮಾಣಪತ್ರ, ಸಹೋದ್ಯೋಗಿಗಳ ನಡುವೆ ಬಾಯ್ತುಂಬ ನಗು. ಆ ಫೋಟೊವನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅಪ್ಪ ನೋಡಲಿ ಎಂಬ ಆಸೆ. ಅದೇ ರಾತ್ರಿ ಅಪ್ಪ ತೀರಿಕೊಂಡರು. ಇವರು ಇನ್ನೂ ದಾರಿಯಲ್ಲಿದ್ದರು. ಸುದ್ದಿ ಫೋನಿನಲ್ಲಿ ಬಂದದ್ದು ಮೂರೂವರೆಗೆ. ಎರಡು ತಿಂಗಳು ಅಣ್ಣತಮ್ಮಂದಿರಿಬ್ಬರೂ ಅದರ ಬಗ್ಗೆ ಏನೂ ಆಡಲಿಲ್ಲ. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಬಿಲ್ಲಿನ ಮಾತು ಬಂದಾಗ ತಮ್ಮ ಅಂದುಬಿಟ್ಟ: ‘ಅಪ್ಪ ಇಲ್ಲಿ ಉಸಿರಿಗೆ ಒದ್ದಾಡ್ತಿದ್ರೆ ನೀನು ಅಲ್ಲಿ ಹಲ್ಲು ಕಿರ್ಕೊಂಡು ಫೋಟೊ ಹಾಕ್ತಿದ್ದೆ ಅಣ್ಣ.’

ಇದು ಈ ಪ್ರಕರಣದ ಗಂಟು. ವರ್ಷದ ಅತಿ ಎತ್ತರದ ಗಳಿಗೆ ಮತ್ತು ಅತಿ ಆಳದ ಗಳಿಗೆ ಒಂದೇ ದಿನ ಬಂದು ಹೆಣೆದುಕೊಂಡಿದ್ದವು. ಅಂದಿನಿಂದ ಯಾವ ಸಂತೋಷ ನೆನಪಾದರೂ ಜೊತೆಗೆ ಆ ಫೋಟೊ, ಫೋಟೊ ಜೊತೆಗೆ ತಮ್ಮನ ಮಾತು. ಹಾಗಾಗಿ ಸಂತೋಷಗಳನ್ನೆಲ್ಲ ಒಟ್ಟಿಗೆ ಕಟ್ಟಿ ಆಚೆ ಇಟ್ಟರು. ಮಗಳ ಈಜನ್ನೂ. ನವೆಂಬರಿನಲ್ಲಿ ಹುದ್ದೆ ಹೋದಾಗ ಅದು ಅವರಿಗೆ ಶಿಕ್ಷೆಯ ಹಾಗೆ ಕಂಡಿತ್ತು: ಯಾವ ಬಡ್ತಿಗಾಗಿ ಅಪ್ಪನನ್ನು ಬಿಟ್ಟು ಹೋಗಿದ್ದೆನೋ ಅದೂ ಉಳಿಯಲಿಲ್ಲ. ‘ವರ್ಷ ಆಗಿಬರಲಿಲ್ಲ’ ಎನ್ನುವುದು ಇಷ್ಟೆಲ್ಲ ಹೇಳುವುದಕ್ಕಿಂತ ಸುಲಭವಾಗಿತ್ತು.

ಮುಂದಿನ ಕೆಲಸಕ್ಕೂ ಫೋನೇ ಬೇಕಾಯಿತು. ಪರಿಣಾಮ ಗೊತ್ತಾದ ಮೇಲೆ ‘ಇದು ಮೊದಲೇ ಗೊತ್ತಾಗಬೇಕಿತ್ತು’ ಅನ್ನಿಸುವುದು ಮನಸ್ಸಿನ ಸಹಜ ತಿರುವು. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿ ಪ್ರಯೋಗಗಳ ಮೂಲಕ ಇದನ್ನು ತೋರಿಸಿದ್ದಾರೆ. ಆ ದಿನವನ್ನು ಗಂಟೆ ಗಂಟೆಗೆ ಬರೆಯಲು ಹೇಳಿದೆ: ಆ ಗಂಟೆಯಲ್ಲಿ ನಿಮಗೆ ಗೊತ್ತಿದ್ದದ್ದು ಮಾತ್ರ. ಮಧ್ಯಾಹ್ನಕ್ಕೆ ಮೊದಲು ತಮ್ಮ ಕಳಿಸಿದ್ದ ಮೆಸೇಜು ಸಿಕ್ಕಿತು: ‘ಅಪ್ಪಂಗೆ ಸ್ವಲ್ಪ ಸುಸ್ತು. ಡ್ರಿಪ್ ಹಾಕಿದಾರೆ. ಗಾಬರಿ ಬೇಡ, ಮುಗಿಸ್ಕೊಂಡೇ ಬಾ.’ ಫೋಟೊ ಹಾಕಿದ್ದು ನಾಲ್ಕರ ಸುಮಾರಿಗೆ. ಐಸಿಯುಗೆ ಸೇರಿಸಿದರೆಂಬ ಕರೆ ರಾತ್ರಿ ಒಂಬತ್ತರ ಹೊತ್ತಿಗೆ. ಕಾಲು ಗಂಟೆಯಲ್ಲಿ ಹೊರಟಿದ್ದರು. ಇದನ್ನು ಓದಿ ಅವರು ಅತ್ತರು. ಜುಲೈ ಕಳೆದ ಮೇಲೆ ಅದೇ ಮೊದಲ ಅಳು ಎಂದರು. ಸಾಕ್ಷ್ಯ ಸಿಕ್ಕಿತೆಂದು ದುಃಖ ಕರಗುವುದಿಲ್ಲ, ಅದನ್ನೂ ಹೇಳಿದೆ. ತಪ್ಪು ಮಾಡಿದೆ ಎಂಬ ಭಾರ ಇಳಿದರೆ ಉಳಿಯುವುದು ಅಪ್ಪನಿಲ್ಲದ ನೋವು. ಆ ನೋವು ಇರಬೇಕಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರ ಪ್ರಕಾರ ದೀರ್ಘಕಾಲದ ಶೋಕದ ಕಾಯಿಲೆ ಎಂದು ಪರಿಗಣಿಸಲು ಕನಿಷ್ಠ 6 ತಿಂಗಳಾದರೂ ಆಗಿರಬೇಕು; ಇವರಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಶೋಕಕ್ಕೆ ಹೆಸರಿಡುವ ಅವಸರ ಬೇಡ ಎನ್ನಿಸಿತು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ರಾಜೀನಾಮೆಯ ಬಗ್ಗೆ. ಹೊಸ ವರ್ಷ, ಹುಟ್ಟಿದ ದಿನ, ವಾರದ ಮೊದಲ ದಿನ ಇವು ‘ಇನ್ನು ಹೊಸದಾಗಿ’ ಎಂಬ ಹುರುಪು ಹುಟ್ಟಿಸುವುದು ನಿಜ. ಆ ಹುರುಪಿನಲ್ಲಿ ನಡಿಗೆ ಶುರು ಮಾಡಿ, ಕೆಲಸ ಬಿಡಬೇಡಿ. ಮೂರೂವರೆಗೆ ಎದ್ದು ಕೂತು ಮಾಡಿದ ತೀರ್ಮಾನವನ್ನು ಚೆನ್ನಾಗಿ ನಿದ್ದೆ ಬರುವವರೆಗೆ ಮುಂದೂಡಿ, ಅದಕ್ಕೂ ಮೊದಲು ಹೆಂಡತಿಗೆ ಹೇಳಿ ಎಂದೆ. ಹೇಳಿದರು. ಆಕೆಗೆ ಕೆಲಸದ ವಿಷಯಕ್ಕಿಂತ ಫೋಟೊ ವಿಷಯ ಹೊಸದಾಗಿತ್ತು.

ನಿದ್ದೆಗೆ: ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಸಮಯ ಒಂದೇ ಇರಲಿ. ನಡುವೆ ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳದೆ ಎದ್ದು ಬೇರೆ ಕೋಣೆಯಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಹೋಗಿ ಮಲಗಿ. ಕೈಯಲ್ಲಿ ಫೋನು ಬೇಡ.

ಬರವಣಿಗೆಗೆ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಕ್ರಮವನ್ನೇ ಹಿಡಿದೆವು. ಅವರ 1986ರ ಅಧ್ಯಯನದಲ್ಲಿ ಭಾಗವಹಿಸಿದವರು ತಮ್ಮನ್ನು ಅಲುಗಿಸಿದ ಘಟನೆಯ ಬಗ್ಗೆ ದಿನಕ್ಕೆ 15 ನಿಮಿಷದಂತೆ ಸತತ 4 ದಿನ ಬರೆದಿದ್ದರು. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, ಮಲಗುವ ಮುಂಚೆ ಬರೆಯಬೇಡಿ, ಎದೆ ತೀರಾ ಭಾರವಾದರೆ ನಿಲ್ಲಿಸಿ ಎಂದೆ. ಬರೆದ ದಿನ ಮನಸ್ಸು ಇನ್ನಷ್ಟು ಕುಗ್ಗಬಹುದು, ಅದಕ್ಕೆ ಹೆದರುವುದು ಬೇಡ. ಇವರು ಅಪ್ಪನನ್ನೇ ಉದ್ದೇಶಿಸಿ ಬರೆದರು.

ಬಡ್ತಿಯ ಬಗ್ಗೆ ಒಂದು ಮಾತು ಅವರಿಗೆ ಉಪಯೋಗಕ್ಕೆ ಬಂತು. ಮನೋವೈದ್ಯರಾದ ತಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ 1967ರಲ್ಲಿ ಮಾಡಿದ ಒತ್ತಡದ ಪಟ್ಟಿಯಲ್ಲಿ 43 ಘಟನೆಗಳಿವೆ. ಹತ್ತಿರದ ಸಂಬಂಧಿಯ ಸಾವಿಗೆ 63, ಮದುವೆಗೆ 50, ವೈಯಕ್ತಿಕ ಸಾಧನೆಗೂ 28 ಅಂಕ. ಆ ಅಂಕಗಳನ್ನು ಕೂಡಿಸಿ ಭವಿಷ್ಯ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಸಂತೋಷದ ಬದಲಾವಣೆಯೂ ಮೈಮನಸ್ಸನ್ನು ದಣಿಸುತ್ತದೆ ಎಂಬುದಕ್ಕೆ ಮಾತ್ರ ತೋರಿಸಿದೆ. ಹೊಸ ಹುದ್ದೆ, ಹೊಸ ಮನೆ, ಅದರ ಸಾಲ ಒಂದರ ಹಿಂದೊಂದು ಬಂದಿದ್ದವು. ಜುಲೈ ಬರುವ ಮೊದಲೇ ಅವರು ದಣಿದಿದ್ದರು.

ತಮ್ಮನ ವಿಷಯ ಎಲ್ಲಕ್ಕಿಂತ ಕಷ್ಟ. ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿ ‘ನೋಡು, ನೀನೇ ಬೇಡ ಅಂದಿದ್ದೆ’ ಎನ್ನಲು ಅವರ ಕೈ ತುಡಿಯುತ್ತಿತ್ತು. ಅದನ್ನು ತಡೆದೆ. ಬಾಣ ಬಂದಲ್ಲಿಗೇ ಬಾಣ ಕಳಿಸಿದ ಹಾಗಾಗುತ್ತದೆ. ಅದೂ ಅಲ್ಲದೆ, ‘ಗಾಬರಿ ಬೇಡ’ ಎಂದು ಬರೆದವನು ಆ ರಾತ್ರಿ ಒಬ್ಬನೇ ಇದ್ದ. ತನ್ನ ಆ ಮಾತನ್ನು ಅವನು ಹೇಗೆ ಹೊತ್ತುಕೊಂಡಿದ್ದಾನೋ ಇವರಿಗೆ ಗೊತ್ತಿರಲಿಲ್ಲ. ಸಮರ್ಥನೆ ಬೇಡ, ಕ್ಷಮೆಯನ್ನೂ ಕೇಳಬೇಡಿ, ನಿಮಗೆ ನಿಜವಾಗಿ ಬೇಕಾದದ್ದನ್ನು ಕೇಳಿ ಎಂದೆ. ಹಲವು ಸಲ ಬರೆದು ಅಳಿಸಿ ಕೊನೆಗೆ ಕಳಿಸಿದ್ದು: ‘ಅಪ್ಪನ ಜೊತೆ ಕೊನೇಲಿ ಇದ್ದವನು ನೀನೊಬ್ಬನೇ. ಆ ಸಂಜೆ ಏನೇನಾಯ್ತು ಅಂತ ನಿನ್ನಿಂದ ಕೇಳಬೇಕು. ನಿನಗೆ ಆದಾಗ ಹೇಳು.’ ವಾರಗಟ್ಟಲೆ ಉತ್ತರವಿರಲಿಲ್ಲ. ಆಮೇಲೆ ಒಂದು ರಾತ್ರಿ ಕರೆ ಬಂತು. ತಮ್ಮ ಹೆಚ್ಚು ಮಾತಾಡಲಿಲ್ಲ. ಫೋಟೊವನ್ನು ಅಪ್ಪನಿಗೆ ತೋರಿಸಿದ್ದೆ, ಅವರು ನೋಡಿದರು ಎಂದಷ್ಟೇ ಹೇಳಿ ಇಟ್ಟನಂತೆ. ಅಣ್ಣತಮ್ಮಂದಿರು ಸರಿಹೋದರು ಎನ್ನಲಾರೆ. ಆಡಿದ ಮಾತನ್ನು ತಮ್ಮ ಹಿಂದಕ್ಕೆ ತೆಗೆದುಕೊಂಡಿಲ್ಲ.

ಈಗ ಅವರ ಪಿಎಚ್‌ಕ್ಯೂ ಅಂಕ 6. ವಾರದಲ್ಲಿ ಒಂದೆರಡು ರಾತ್ರಿ ಇನ್ನೂ ಎಚ್ಚರವಾಗುತ್ತದೆ. ಕೆಲಸ ಬಿಟ್ಟಿಲ್ಲ, ಬೇರೆ ಕಡೆ ಅರ್ಜಿ ಹಾಕಿದ್ದಾರೆ, ಹೆಂಡತಿಯ ಜೊತೆ ಕೂತು ಯೋಚಿಸಿಯೇ. ಜುಲೈ ಹತ್ತಿರ ಬರುತ್ತಿದೆ. ಅಗಲಿಕೆಯ ದಿನ ಮತ್ತೆ ಬಂದಾಗ ಹಳೆಯ ಲಕ್ಷಣಗಳು ಕೆಲವು ದಿನ ಮರುಕಳಿಸಬಹುದು, ಅದು ಮೊದಲಿಗೇ ಮರಳಿದಂತಲ್ಲ ಎಂದು ಮುಂಚಿತವಾಗಿ ಮಾತಾಡಿಕೊಂಡಿದ್ದೇವೆ. ಆ ವಾರ ಹೊಸ ಕೆಲಸ ಒಪ್ಪಿಕೊಳ್ಳಬಾರದು. ಎರಡು ವಾರ ಕಳೆದರೂ ನಿದ್ದೆ ಹಸಿವು ಸರಿಹೋಗದಿದ್ದರೆ, ಇಲ್ಲವೇ ಬದುಕು ಬೇಡವೆನಿಸಿದರೆ ಅಂದೇ, ಮನೋವೈದ್ಯರನ್ನು ಕಾಣಬೇಕು. ಆ ದಿನ ಒಟ್ಟಿಗೆ ಇರೋಣವೇ ಎಂದು ತಮ್ಮನಿಗೆ ಈಗಲೇ ಕೇಳಿದ್ದಾರೆ. ಉತ್ತರ ಬಂದಿಲ್ಲ. ಬಾರದಿದ್ದರೆ ಹೆಂಡತಿ ಮಗಳ ಜೊತೆ ಮನೆಯಲ್ಲೇ ಇರುವುದು, ಮಗಳಿಗೆ ಅಜ್ಜನ ಬಗ್ಗೆ ಹೇಳುವುದು ಎಂದು ನಿಶ್ಚಯವಾಗಿದೆ.