ಲೆಸ್ಟರ್ ಪ್ಯಾಟ್ರಿಕ್: ಗೋಲಿನ ಮುಂದೆ ನಿಂತ ಆ ಒಂದು ರಾತ್ರಿಯ ಆಚೆಗೆ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಗೋಲ್‌ಕೀಪರ್ ಆಗಿ ನಿಂತ ಪ್ರಸಂಗವೊಂದನ್ನು ಬಿಟ್ಟರೆ ಲೆಸ್ಟರ್ ಪ್ಯಾಟ್ರಿಕ್ ಅವರ ಐಸ್ ಹಾಕಿ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಧನೆ ಇರುವುದು ಅಂಗಣದ ಹೊರಗೆ.

1883ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನಿಸಿದ ಅವರು 1906 ಮತ್ತು 1907ರಲ್ಲಿ ಮಾಂಟ್ರಿಯಲ್ ವಾಂಡರರ್ಸ್ ತಂಡದ ಪರವಾಗಿ ಆಡಿ ಉತ್ತರ ಅಮೆರಿಕದ ಐಸ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದರು. ಕೆಲವು ವರ್ಷಗಳ ನಂತರ ರೆನ್‌ಫ್ರೂ ಎಂಬ ಸಣ್ಣ ಊರಿನ ತಂಡವು ಒಂದು ಋತುವಿಗೆ ಅವರಿಗೆ 3,000 ಡಾಲರ್ ಕೊಟ್ಟಿತು. ಆಟಗಾರನಾಗಿ ಇಷ್ಟೇ ಸಾಕಿತ್ತು.

ಆದರೆ 1911ರಲ್ಲಿ ತಂದೆ ಜೋಸೆಫ್ ಅವರು ಮರದ ವ್ಯಾಪಾರವನ್ನು ಮಾರಿದಾಗ ಬಂದ ಹಣವನ್ನು ತೊಡಗಿಸಿ, ಲೆಸ್ಟರ್ ಮತ್ತು ಅವರ ತಮ್ಮ ಫ್ರಾಂಕ್ ಪಶ್ಚಿಮ ಕರಾವಳಿಯಲ್ಲಿ ಹೊಸದೊಂದು ಲೀಗನ್ನೇ ಕಟ್ಟಿದರು. ಅಲ್ಲಿನ ಚಳಿಗಾಲ ಸೌಮ್ಯವಾದ್ದರಿಂದ ನೀರು ತಾನಾಗಿ ಹೆಪ್ಪುಗಟ್ಟಿ ನಿಲ್ಲುವ ಭರವಸೆಯಿರಲಿಲ್ಲ. ಹಾಗಾಗಿ ವಿಕ್ಟೋರಿಯಾ ಮತ್ತು ವ್ಯಾಂಕೂವರ್‌ಗಳಲ್ಲಿ ಕೃತಕ ಮಂಜುಗಡ್ಡೆಯ ಅಂಗಣಗಳನ್ನು ನಿರ್ಮಿಸಿದರು. ಕೆನಡಾಕ್ಕೆ ಅವೇ ಮೊದಲನೆಯವು. ಅಂಗಣವನ್ನು ವಿಭಾಗಿಸುವ ನೀಲಿ ಗೆರೆ, ಪೆನಾಲ್ಟಿ ಶಾಟ್, ಗೋಲ್‌ಕೀಪರ್ ಕೆಳಗೆ ಬಿದ್ದಾದರೂ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅನ್ನು ತಡೆಯಬಹುದೆಂಬ ಅನುಮತಿ ಇವೆಲ್ಲ ಈ ಸಹೋದರರ ಲೀಗಿನಿಂದ ಬಂದವು. 1925ರಲ್ಲಿ ಲೆಸ್ಟರ್ ಅವರ ವಿಕ್ಟೋರಿಯಾ ಕೂಗರ್ಸ್ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಉತ್ತರ ಅಮೆರಿಕದ ಪ್ರಮುಖ ವೃತ್ತಿಪರ ಲೀಗಾದ ನ್ಯಾಷನಲ್ ಹಾಕಿ ಲೀಗಿನ ಹೊರಗಿನ ತಂಡವೊಂದು ಅದನ್ನು ಗೆದ್ದದ್ದು ಅದೇ ಕೊನೆ.

ಮರುವರ್ಷ ಪಶ್ಚಿಮದ ವೃತ್ತಿಪರ ಹಾಕಿ ನೆಲಕಚ್ಚಿದಾಗ ಅವರು ನ್ಯೂಯಾರ್ಕ್ ರೇಂಜರ್ಸ್ ತಂಡದ ತರಬೇತುದಾರರೂ ವ್ಯವಸ್ಥಾಪಕರೂ ಆದರು. ನೀವು ಹೇಳಿದ ಪ್ರಸಂಗ ನಡೆದದ್ದು 1928ರ ಏಪ್ರಿಲ್ 7ರಂದು, ಮಾಂಟ್ರಿಯಲ್ ಮರೂನ್ಸ್ ವಿರುದ್ಧದ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯ ಎರಡನೆಯ ಪಂದ್ಯದಲ್ಲಿ. ನೆಲ್ಸ್ ಸ್ಟೂವರ್ಟ್ ಹೊಡೆದ ಪಕ್ ರೇಂಜರ್ಸ್ ಗೋಲ್‌ಕೀಪರ್ ಲಾರ್ನ್ ಶಬೋ ಅವರ ಕಣ್ಣಿಗೆ ಬಡಿಯಿತು. ಆಗ ತಂಡಗಳು ಬದಲಿ ಗೋಲ್‌ಕೀಪರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಒಟ್ಟಾವ ತಂಡದ ಗೋಲ್‌ಕೀಪರ್ ಅಲೆಕ್ ಕಾನೆಲ್ ಪ್ರೇಕ್ಷಕರ ನಡುವೆಯೇ ಕುಳಿತಿದ್ದರೂ, ಅವರನ್ನು ಇಳಿಸಲು ಎದುರಾಳಿ ತರಬೇತುದಾರರು ಒಪ್ಪಲಿಲ್ಲ. ಕೊನೆಗೆ ನರೆಗೂದಲಿನ ಲೆಸ್ಟರ್ ತಾವೇ ಗೋಲಿನ ಮುಂದೆ ನಿಂತು ಒಂದೇ ಗೋಲು ಬಿಟ್ಟುಕೊಟ್ಟರು. ಹೆಚ್ಚುವರಿ ಅವಧಿಯಲ್ಲಿ ಫ್ರಾಂಕ್ ಬೂಷೆ ಹೊಡೆದ ಗೋಲಿನಿಂದ ರೇಂಜರ್ಸ್ 2-1ರಿಂದ ಗೆದ್ದಿತು. ಮುಂದೆ ಸರಣಿಯನ್ನೂ ಗೆದ್ದಿತು ಎಂಬುದನ್ನು ಕಥೆ ಹೇಳುವವರು ಹಲವೊಮ್ಮೆ ಮರೆಯುತ್ತಾರೆ.

ಅವರ ತರಬೇತಿಯಲ್ಲಿ 1933ರಲ್ಲಿ ಮತ್ತೊಮ್ಮೆ ಕಪ್ ಬಂತು. 1940ರಲ್ಲಿ ಗೆದ್ದಾಗ ಅವರು ವ್ಯವಸ್ಥಾಪಕರಾಗಿದ್ದರು, ಅದೇ ಬೂಷೆ ತರಬೇತುದಾರರಾಗಿದ್ದರು, ಲೆಸ್ಟರ್ ಅವರ ಮಕ್ಕಳಾದ ಲಿನ್ ಮತ್ತು ಮಝ್ ಇಬ್ಬರೂ ತಂಡದಲ್ಲಿ ಆಡುತ್ತಿದ್ದರು. ಆ ಬಳಿಕ ರೇಂಜರ್ಸ್‌ಗೆ ಕಪ್ ಮತ್ತೆ ದಕ್ಕಿದ್ದು 1994ರಲ್ಲಿ.