ಮೂಲನಿವಾಸಿಗಳ ಮೀನುಗಾರಿಕೆ ಯೋಜನೆಯ ಸಂಯೋಜಕರಿಗೆ ಏನು ಕೆಲಸ ಇರುತ್ತದೆ?
ಮೀನು ಹಿಡಿಯುವುದನ್ನು ಕಲಿಸುವ ಕೆಲಸ ಅಲ್ಲ. ಅದು ಮೂಲನಿವಾಸಿಗಳಿಗೆ ತಲೆತಲಾಂತರದಿಂದ ಗೊತ್ತು. ಎಣಿಕೆ, ಪಾಲಿನ ಮಾತುಕತೆ, ನದಿ ಕಾಯುವುದು ಇವೇ ಜಾಸ್ತಿ.

ಅಮೆರಿಕದ ವಾಷಿಂಗ್ಟನ್ ರಾಜ್ಯವನ್ನೇ ನೋಡಿ. 1850ರ ದಶಕದಲ್ಲಿ ಅಲ್ಲಿನ ಬುಡಕಟ್ಟುಗಳು ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದಗಳ ಪ್ರಕಾರ, ಹಿಡಿಯಬಹುದಾದ ಸಾಲ್ಮನ್ ಮೀನಿನಲ್ಲಿ ಅರ್ಧ ಬುಡಕಟ್ಟುಗಳ ಪಾಲು ಎಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲಿ ತೀರ್ಪು ಕೊಟ್ಟರು. ಆ ಪಾಲಿಗಾಗಿ ಬುಡಕಟ್ಟಿನವರು ಎಷ್ಟೋ ಜನ ಜೈಲಿಗೆ ಹೋಗಿದ್ದರು! ಈಗ ಬುಡಕಟ್ಟುಗಳೂ ರಾಜ್ಯವೂ ಪ್ರತಿ ವರ್ಷ ಸೀಸನ್‌ಗೆ ಮುಂಚೆ ಕೂತು, ಎಷ್ಟು ಮೀನು ಬರಬಹುದು ಎಂದು ಅಂದಾಜು ಮಾಡುತ್ತವೆ. ಮೊಟ್ಟೆ ಇಡಲು ಬೇಕಾದಷ್ಟನ್ನು ಮೊದಲು ಬಿಡಬೇಕು. ಉಳಿದದ್ದಷ್ಟೇ ಹಂಚಿಕೆಗೆ.

ಎಣಿಕೆ ಸುಮ್ನೆ ಆಗುವುದಿಲ್ಲ. ಸಾಕಿ ನದಿಗೆ ಬಿಡುವ ಬೆರಳುದ್ದದ ಮರಿಯ ಮೂಗಿನೊಳಗೆ ಸುಮಾರು 1 ಮಿಲಿಮೀಟರ್ ಉದ್ದದ, ಗುರುತು ಕೊರೆದ ತಂತಿಚೂರು ಸೇರಿಸುತ್ತಾರೆ. ವರ್ಷಗಳ ನಂತರ ಅದೇ ಮೀನು ಸಮುದ್ರ ಸುತ್ತಿ ಬಂದು ಬಲೆಗೆ ಬಿದ್ದಾಗ, ಎಲ್ಲಿ ಬೆಳೆಸಿ ಬಿಟ್ಟದ್ದು ಎಂದು ಆ ಚೂರೇ ಹೇಳುತ್ತದೆ.