ಕಾಮಾಲೆಗೆಂದು ಲೈಟಿನ ಕೆಳಗಿಟ್ಟ ಕೂಸಿನ ಹಳದಿ ಇಳಿದಿದೆ, ಆದರೂ ಹಿಮ್ಮಡಿ ಚುಚ್ಚಿ ರಕ್ತ ಯಾಕೆ ತೆಗೆಯುತ್ತಾರೆ?

ಯಾಕೆಂದರೆ ಆಗ ಬಣ್ಣ ನಂಬುವ ಹಾಗಿಲ್ಲ. ನೀಲಿ ಬೆಳಕು ಮೊದಲು ಚರ್ಮದ ಬಿಲಿರುಬಿನ್ (ಹಳದಿ ತರುವ ವಸ್ತು) ಇಳಿಸುತ್ತದೆ, ರಕ್ತದಲ್ಲಿ ಇನ್ನೂ ಜಾಸ್ತಿ ಇರಬಹುದು. ಹಣೆಗೆ ಒತ್ತಿ ನೋಡುವ ಮೀಟರ್ ಕೂಡ ಬೆಳಕು ಬಿದ್ದ ಜಾಗದಲ್ಲಿ ಕಡಿಮೆ ತೋರಿಸುತ್ತದೆ. ನರ್ಸ್ ಕಣ್ಣಿನ ಪಟ್ಟಿ ಬದಲಿಸುವಾಗ ಗಮನಿಸಿ, ಪಟ್ಟಿಯ ಅಡಿಯ ಚರ್ಮ ಇನ್ನೂ ಹಳದಿಯಾಗೇ ಕಾಣಬಹುದು. ಅದಕ್ಕೇ ರಕ್ತ ಪರೀಕ್ಷೆ. ತೆಗೆಯುವಾಗ ಲೈಟ್ ಆರಿಸಿ, ಸ್ಯಾಂಪಲ್ಲನ್ನೂ ಬೆಳಕು ಬೀಳದಂತೆ ಮುಚ್ಚಿಡಬೇಕು. ಇಲ್ಲದಿದ್ದರೆ ರಿಪೋರ್ಟ್‌ನಲ್ಲಿ ಸುಮ್ನೆ ಕಡಿಮೆ ಬರುತ್ತದೆ.

ಲೈಟ್ ನಿಲ್ಲಿಸಿದ ಮೇಲೆ ಮತ್ತೆ ಏರುವುದುಂಟು. ಹಾಗಾಗಿ 12ರಿಂದ 24 ಗಂಟೆಯೊಳಗೆ ಇನ್ನೊಮ್ಮೆ ನೋಡುತ್ತಾರೆ, ಬೇಡ ಅನ್ನಬೇಡಿ. ಎದೆಹಾಲು ನಿಲ್ಲಿಸಬಾರದು. ಹಿರಿಯರು "ಬಿಸಿಲಿಗೆ ಹಿಡಿ" ಅನ್ನುತ್ತಾರೆ, ಅಲ್ವಾ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಬಿಸಿಲು ಈ ಚಿಕಿತ್ಸೆಗೆ ಬದಲಿಯಲ್ಲ, ಕೂಸಿನ ಮೈ ನೀರು ಆರುತ್ತದೆ ಅಷ್ಟೇ.